ಕೆಂಬೇರಿ ಲಾಟ್ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ

ಮೀನು ಸಂಸ್ಕರಣಾ ಘಟಕದಲ್ಲಿ ಕ್ವಾಲಿಟಿ ವಿಭಾಗದ ಕೆಲಸ ಅಂದರೆ ಮೂಗು, ಕಣ್ಣು, ಬೆರಳಿನ ಕೆಲಸ. ಬೋಟುಗಳು ಮೀನು ಇಳಿಸುವ ದಕ್ಕೆಯಿಂದ ಲಾರಿ ಬಂದ ಕೂಡಲೇ ಕಿವಿರು ಎತ್ತಿ ಬಣ್ಣ ನೋಡುತ್ತೇವೆ. ಕಣ್ಣು ಉಬ್ಬಿದೆಯಾ, ಗುಳಿಬಿದ್ದಿದೆಯಾ. ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೇಳುತ್ತದಾ. ಥರ್ಮಾಮೀಟರ್ ಚುಚ್ಚಿದರೆ 4 ಡಿಗ್ರಿಯೊಳಗೆ ಇದೆಯಾ. ಬಂಗುಡೆ, ಟ್ಯೂನಾದಂಥ ಮೀನಿಗೆ ಇದೇ ಜೀವಾಳ. ಬೋಟಿನಲ್ಲಿ ಐಸ್ ಕಡಿಮೆಯಾದರೆ ಅವುಗಳಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಏರುತ್ತದೆ, ತಿಂದವರ ಮೈಯೆಲ್ಲ ಕೆಂಪಾಗುತ್ತದೆ. ತಂಪು ಸರಿಯಾಗಿದ್ದರೆ ಆ ತೊಂದರೆಯೇ ಇಲ್ಲ.

ಆದರೆ ಈ ಎಲ್ಲ ಪರೀಕ್ಷೆಯನ್ನೂ ಚೆನ್ನಾಗಿ ಪಾಸಾಗಿ, ತಿಂದವರನ್ನು ಆಸ್ಪತ್ರೆಗೆ ಸೇರಿಸುವ ಮೀನೊಂದು ಇದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಬೇರೆ ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಅದರ ಬಗ್ಗೆ.

ನಮ್ಮ ಕಡೆ ಸ್ನ್ಯಾಪರ್ ಕುಟುಂಬದ ಕೆಂಪು ಬಣ್ಣದ ದೊಡ್ಡ ಮೀನು ಕಂಡರೆ ಕೆಂಬೇರಿ ಅಂದುಬಿಡುವುದು ರೂಢಿ. ಹೊಳೆಬಾಯಿಯಲ್ಲಿ ಗಾಳಕ್ಕೆ ಸಿಗುವುದು, ಪಂಜರದಲ್ಲಿ ಸಾಕುವುದು ಲುಟ್ಜಾನಸ್ ಅರ್ಜೆಂಟಿಮ್ಯಾಕುಲೇಟಸ್ ಎಂಬ ಜಾತಿ. ಅದು ಮರಿಯಾಗಿದ್ದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಬೆಳೆದು, ದೊಡ್ಡದಾದ ಮೇಲೆ ಕಡಲಿನ ಬಂಡೆಗಳ ಕಡೆಗೆ ಹೋಗುತ್ತದೆ. ನಾನು ಹೇಳುತ್ತಿರುವುದು ಅದರ ದಾಯಾದಿ ಲುಟ್ಜಾನಸ್ ಬೊಹಾರ್ ಬಗ್ಗೆ. ಇದು ಹವಳದ ದಿಬ್ಬಗಳ ಮೀನು. ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗೆ, ದ್ವೀಪಗಳ ಸುತ್ತಲಿನ ಹವಳದ ಹೊರ ಅಂಚಿನಲ್ಲಿ, ಬುಡ ಕಡಿದಾಗಿ ಇಳಿಯುವ ಕಡೆ ಇರುತ್ತದೆ. ಹರೆಯದಲ್ಲಿ ಬೆನ್ನಿನ ಮೇಲೆ ಎರಡು ಬಿಳಿ ಚುಕ್ಕೆ ಕಾಣುತ್ತವೆ, ವಯಸ್ಸಾದಂತೆ ಅವು ಮಾಸುತ್ತವೆ. ಆಗ ಉಳಿಯುವ ಮುಖ್ಯ ಗುರುತು ಒಂದೇ, ಅದನ್ನು ಕೈಯಲ್ಲೇ ಕಲಿಯಬೇಕು: ಮೂಗಿನ ಹೊಳ್ಳೆಯಿಂದ ಕಣ್ಣಿನವರೆಗೆ ಬೆರಳು ಎಳೆಯಿರಿ. ಬೊಹಾರ್ ಆದರೆ ಅಲ್ಲೊಂದು ಸ್ಪಷ್ಟವಾದ ತಗ್ಗು ಸಿಗುತ್ತದೆ. ಹೊಳೆಬಾಯಿಯ ಕೆಂಬೇರಿಗೆ ಆ ತಗ್ಗು ಇಲ್ಲ. ಬೊಹಾರ್‌ನ ರೆಕ್ಕೆಗಳ ಅಂಚೂ ಹೆಚ್ಚು ಕಪ್ಪು. ಐಸಿನಲ್ಲಿ ದಿನಗಟ್ಟಲೆ ಇದ್ದು ಬಣ್ಣ ಮಂಕಾದ ಮೀನಿನಲ್ಲೂ ಆ ತಗ್ಗು ಹೋಗುವುದಿಲ್ಲ. ಹಾಗಾಗಿ ತಲೆ ಕತ್ತರಿಸುವ ಮೊದಲೇ ವಿಂಗಡಣೆ ಆಗಬೇಕು. ಫಿಲೆ, ಅಂದರೆ ಮುಳ್ಳು ತೆಗೆದ ಮಾಂಸದ ತುಂಡು, ಆದ ಮೇಲೆ ಯಾವ ಜಾತಿ ಎಂದು ಹೇಳಲು ಡಿಎನ್‌ಎ ಪರೀಕ್ಷೆಯೇ ಬೇಕಾಗುತ್ತದೆ.

ಇದರ ಮಾಂಸಕ್ಕೆ ವಿಷ ಬರುವ ದಾರಿ ಉದ್ದ. ಸತ್ತ ಹವಳದ ಮೇಲೆ, ಪಾಚಿಯ ಮೇಲೆ ಗ್ಯಾಂಬಿಯರ್‌ಡಿಸ್ಕಸ್ ಎಂಬ ಕಣ್ಣಿಗೆ ಕಾಣದ ಸೂಕ್ಷ್ಮ ಜೀವಿ ಬೆಳೆಯುತ್ತದೆ. ಫ್ರೆಂಚ್ ಪಾಲಿನೇಷ್ಯಾದ ಗ್ಯಾಂಬಿಯರ್ ದ್ವೀಪಗಳಲ್ಲಿ ಸಿಕ್ಕ ಇದನ್ನು 1979ರಲ್ಲಿ ವರ್ಣಿಸಿ ಹೆಸರಿಟ್ಟರು. ಪಾಚಿ ಮೇಯುವ ಮೀನು ಪಾಚಿಯ ಜೊತೆ ಇದನ್ನೂ ನುಂಗುತ್ತದೆ, ಆ ಮೀನನ್ನು ಬೊಹಾರ್ ನುಂಗುತ್ತದೆ. ಒಳಗೆ ಹೋದ ವಿಷ ಬೇಗ ಹೊರಗೆ ಹೋಗುವುದಿಲ್ಲ, ಕೂಡುತ್ತಾ ಬರುತ್ತದೆ. ಇನ್ನು ಈ ಮೀನಿನ ಆಯಸ್ಸು ನೋಡಿ: ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ವರ್ಷಕ್ಕೊಂದರಂತೆ ಮೂಡುವ ಗೆರೆ ಎಣಿಸಿದಾಗ 50 ವರ್ಷ ದಾಟಿದ ಬೊಹಾರ್‌ಗಳು ಸಿಕ್ಕಿವೆ. ಹೆಣ್ಣು ಮೊಟ್ಟೆ ಇಡುವ ಪ್ರಾಯಕ್ಕೆ ಬರಲು ಸುಮಾರು 9 ವರ್ಷ ಬೇಕು. ಕ್ರೇಟಿನಲ್ಲಿ ಮಲಗಿರುವ ಆ ಎಂಟು ಕಿಲೋದ ಮೀನು ನನ್ನ ಜೊತೆ ಕೆಲಸ ಮಾಡುವ ಹುಡುಗರಿಗಿಂತ ಹಿರಿಯದ್ದಿರಬಹುದು. ಅಷ್ಟೂ ವರ್ಷ ಅದು ಒಂದೇ ದಿಬ್ಬದ ಆಸುಪಾಸಿನಲ್ಲಿ ಬೇಟೆಯಾಡಿದ್ದರೆ, ಆ ದಿಬ್ಬದ ವಿಷ ಅದರಲ್ಲಿದೆ. ಹೀಗಾಗಿಯೇ ಒಂದು ದಿಬ್ಬದ ಮೀನು ತಿಂದರೆ ಏನೂ ಆಗುವುದಿಲ್ಲ, ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ದಿಬ್ಬದ್ದು ಮಲಗಿಸಿಬಿಡುತ್ತದೆ. ಸಣ್ಣ ಮೀನಾದರೆ ಭಯವಿಲ್ಲ ಎಂಬ ಮಾತನ್ನೂ ನಂಬಬೇಡಿ. ದೊಡ್ಡದರಲ್ಲಿ ಅಪಾಯ ಹೆಚ್ಚು, ಅಷ್ಟೇ.

ಸಿಗ್ವಾಟಾಕ್ಸಿನ್ ಎಂಬ ಈ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಬೇಯಿಸಿದರೆ ಹೋಗುವುದಿಲ್ಲ, ಮೈನಸ್ 18ರಲ್ಲಿ ತಿಂಗಳುಗಟ್ಟಲೆ ಇಟ್ಟರೂ ಹೋಗುವುದಿಲ್ಲ, ಹುಳಿ-ಉಪ್ಪು ಹಾಕಿದರೂ ಹೋಗುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಕಿರುವ ಮಾರ್ಗದರ್ಶಿ ಮಿತಿ ಒಂದು ಕಿಲೋ ಮೀನಿಗೆ 0.01 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಘಟಕದ ಸಣ್ಣ ಲ್ಯಾಬಿನಲ್ಲಿ ಅದನ್ನು ಪತ್ತೆ ಮಾಡುವ ಮಾತೇ ಇಲ್ಲ.

ಇದು ಎಲ್ಲೋ ಪೆಸಿಫಿಕ್ ದ್ವೀಪಗಳ ಕಾಯಿಲೆ ಎಂದು ನಮ್ಮಲ್ಲಿ ಬಹಳ ಕಾಲ ತಿಳಿದುಕೊಂಡಿದ್ದರು. ಹಾಗಲ್ಲ. ಮಂಗಳೂರಿನಲ್ಲಿ ಮೀನು ತಿಂದವರಲ್ಲಿ ಈ ವಿಷದ ಲಕ್ಷಣ ಕಂಡ ವರದಿ 2016ರಲ್ಲಿ ಪ್ರಕಟವಾಯಿತು. ಮರುವರ್ಷ ಕೊಚ್ಚಿಯ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಬೊಹಾರ್ ಮೀನಿನಲ್ಲಿ ವಿಷ ಇರುವುದನ್ನು ಇಲಿಗಳ ಮೇಲಿನ ಪರೀಕ್ಷೆಯಿಂದ ದೃಢಪಡಿಸಿದರು. 2012ರಿಂದ 2017ರ ನಡುವೆ ಜರ್ಮನಿಯಲ್ಲಿ ಜನ ಕಾಯಿಲೆ ಬಿದ್ದಾಗ ಬೆರಳು ತೋರಿದ್ದು ಭಾರತ, ಇಂಡೊನೇಷ್ಯಾ, ವಿಯೆಟ್ನಾಂನಿಂದ ಹೋದ ಸ್ನ್ಯಾಪರ್ ಕಡೆಗೆ. ಮಾರಿಷಸ್ ಈ ಮೀನಿನ ಮಾರಾಟವನ್ನು ನಿಷೇಧಿಸಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದನ್ನು ಹಿಡಿದು ಇಟ್ಟುಕೊಳ್ಳುವಂತೆಯೇ ಇಲ್ಲ.

ಇಷ್ಟೆಲ್ಲ ಗೊತ್ತಿದ್ದ ಮೇಲೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಎಲ್ಲಿನ ಮೀನು? ಕಾಗದದಲ್ಲಿ ಉತ್ತರ ಇದ್ದೇ ಇರುತ್ತದೆ. ಯುರೋಪಿಗೆ ಹೋಗುವ ಸರಕಿಗೆ ಕ್ಯಾಚ್ ಸರ್ಟಿಫಿಕೇಟ್ (ಮೀನು ಹಿಡಿದ ಬಗ್ಗೆ ಪ್ರಮಾಣಪತ್ರ) ಬೇಕು, ಅದರಲ್ಲಿ ಹಿಡಿದ ಪ್ರದೇಶ 51 ಎಂದು ಬರೆದಿರುತ್ತದೆ. 51 ಅಂದರೆ ಪಶ್ಚಿಮ ಹಿಂದೂ ಮಹಾಸಾಗರ, ನಮ್ಮ ಕರಾವಳಿಯಿಂದ ಆಫ್ರಿಕಾದವರೆಗೆ! ಹವಳದ ದಿಬ್ಬದ್ದೋ, ಕೆಸರು ನೆಲದ್ದೋ ಅದರಿಂದ ತಿಳಿಯುವುದಿಲ್ಲ.

ತಿಳಿಯುವುದು ಬೋಟಿನವರಿಂದ. ಈ ಮೀನು ಹೆಚ್ಚಾಗಿ ಬರುವುದು ಗಾಳದ ಬೋಟುಗಳಲ್ಲಿ. ಟ್ರಾಲ್ ಬಲೆ ಹವಳದ ಮೇಲೆ ಎಳೆದರೆ ಹರಿದುಹೋಗುತ್ತದೆ, ಅಲ್ಲಿ ಗಾಳವೇ ಆಗಬೇಕು. ಲಕ್ಷದ್ವೀಪದ ಕಡೆಗೂ ಅದರ ಆಚೆಗೂ ವಾರಗಟ್ಟಲೆ ಹೋಗಿ ಬರುವವರಲ್ಲಿ ಕನ್ಯಾಕುಮಾರಿ ಕಡೆಯ ತೂತ್ತೂರಿನ ಮೀನುಗಾರರು ಬಹಳ ಅನುಭವಿಗಳು. ಅವರಿಗೆ ಒಂದೊಂದು ಕಲ್ಲಿನ ಜಾಗವೂ ಗೊತ್ತು, ಆದರೆ ಹೇಳುವುದಿಲ್ಲ. ಅದು ಅವರ ಅನ್ನದ ಗುಟ್ಟು, ಹೇಳಬೇಕೆಂದು ಒತ್ತಾಯಿಸುವುದು ನ್ಯಾಯವಲ್ಲ. ಜಿಪಿಎಸ್ ಅಂಕಿ ಕೊಡಿ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಬೇರೆ ರೀತಿ ಕೇಳಬೇಕು ಎಂದು ನನಗೆ ತಿಳಿದದ್ದು ಬೋಟು ನಡೆಸುವ ಒಬ್ಬ ಹಿರಿಯ ತಾಂಡೇಲರ ಜೊತೆ ಚಾ ಕುಡಿಯುತ್ತಾ ಮಾತಾಡಿದಾಗ. "ಅಣ್ಣಾ, ನಿಮ್ಮ ಕಲ್ಲು ಯಾವುದು ಅಂತ ನನಗೆ ಬೇಡ. ನೀರು ಎಷ್ಟು ಆಳ ಇತ್ತು, ಇಲ್ಲಿಂದ ಎಷ್ಟು ದಿನದ ದಾರಿ, ಅಷ್ಟು ಹೇಳಿ ಸಾಕು" ಅಂದೆ. ಹೇಳಿದರು. ಹೇಳಿದ್ದು ಮಾತ್ರವಲ್ಲ, ಮುಂದಿನ ಸಲ ಬೇರೆ ಬೇರೆ ಕಡೆ ಹಿಡಿದದ್ದನ್ನು ಐಸ್ ಗೂಡಿನಲ್ಲಿ ಬೇರೆ ಬೇರೆಯಾಗಿಯೇ ಹಾಕಿ ತಂದರು. ಎಲ್ಲವನ್ನೂ ಒಂದೇ ಗೂಡಿಗೆ ಸುರಿದು ತಂದರೆ ಹರಾಜಿನ ಹೊತ್ತಿಗೆ ಮೀನಿನ ಊರು ಅಳಿಸಿಹೋಗಿರುತ್ತದೆ, ಆಮೇಲೆ ಯಾವ ಸರ್ಟಿಫಿಕೇಟೂ ಅದನ್ನು ವಾಪಸ್ ತರುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ತಲೆಗಳ ವಿಷಯ. ಫಿಲೆ ಹೊರದೇಶಕ್ಕೆ ಹೋಗುತ್ತದೆ. ತಲೆ, ಮುಳ್ಳು ಇಲ್ಲೇ ಉಳಿಯುತ್ತದೆ. ಕೆಂಬೇರಿ ತಲೆಯ ಗಸಿ ಎಷ್ಟು ರುಚಿ ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. "ಇದನ್ನೆಲ್ಲ ಬಿಸಾಡುದಾ ಮೇಡಂ? ನಮಗೆ ಕೊಡಿ ಮಾರಾಯ್ರೆ" ಎಂದು ಕತ್ತರಿಸುವ ಅಕ್ಕಂದಿರು ಕೇಳಿದಾಗ ಆ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಈ ವಿಷ ಮಾಂಸಕ್ಕಿಂತ ಹೆಚ್ಚು ಕೂಡುವುದು ಪಿತ್ತಜನಕಾಂಗ, ಕರುಳು, ತಲೆಯ ಭಾಗಗಳಲ್ಲಿ. 1774ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಪೆಸಿಫಿಕ್‌ನ ಈಗಿನ ವನುವಾಟು ದ್ವೀಪಗಳಲ್ಲಿ ಕೆಂಪು ಮೀನು ತಿಂದು ನರಳಿದಾಗ, ಅದರ ಕರುಳು ತಿಂದ ಹಂದಿ ಸತ್ತೇಹೋಯಿತು. ದುಬಾರಿ ಭಾಗ ತಿನ್ನುವವರಿಗೆ ಕಡಿಮೆ ಅಪಾಯ, ಪುಕ್ಕಟೆ ಸಿಗುವ ಭಾಗ ತಿನ್ನುವವರಿಗೆ ಹೆಚ್ಚು ಅಪಾಯ. ಇದನ್ನು ತಡೆಯುವುದು ನಮ್ಮ ಕೈಯಲ್ಲಿದೆ, ಹಾಗಾಗಿ ನಮ್ಮದೇ ಹೊಣೆ.

ಈಗ ನಮ್ಮಲ್ಲಿ ಬೊಹಾರ್ ಕೊಳ್ಳುವುದಿಲ್ಲ. ಲಾಟಿನಲ್ಲಿ ಸೇರಿಕೊಂಡು ಬಂದರೆ ಇಡೀ ಮೀನು, ತಲೆ ಸಹಿತ, ಬೀಗ ಹಾಕಿದ ಪೆಟ್ಟಿಗೆಗೆ ಹೋಗಿ ಹೂಳಲ್ಪಡುತ್ತದೆ. ಹೊಳೆಬಾಯಿಯ ಕೆಂಬೇರಿ, ಪಂಜರದ ಕೆಂಬೇರಿಯ ತಲೆಯನ್ನು ಬೇರೆ ತೆಗೆದಿಟ್ಟು ಅಕ್ಕಂದಿರಿಗೇ ಕೊಡುತ್ತೇವೆ. ಬರೀ "ಕೊಡುವುದಿಲ್ಲ" ಎಂದಿದ್ದರೆ ಈ ನಿಯಮ ಒಂದು ವಾರವೂ ಉಳಿಯುತ್ತಿರಲಿಲ್ಲ. ಹೊಳ್ಳೆಯ ತಗ್ಗನ್ನು ಎಲ್ಲರಿಗಿಂತ ಬೇಗ ಗುರುತಿಸುವವರೂ ಈಗ ಅವರೇ.

ಲಕ್ಷಣಗಳ ಹಾಳೆಯನ್ನು ಕೈ ತೊಳೆಯುವ ಜಾಗದ ಮೇಲೆ ಅಂಟಿಸಿದ್ದೇನೆ. ತಿಂದ ಕೆಲವು ಗಂಟೆಯಲ್ಲಿ ವಾಂತಿ, ಭೇದಿ. ತುಟಿ, ಬೆರಳ ತುದಿ ಜುಮುಜುಮು. ತಣ್ಣೀರು ಮುಟ್ಟಿದರೆ ಸುಟ್ಟಂತೆ ಉರಿ. ಕೆಲವರಿಗೆ ನಾಡಿ ನಿಧಾನ. ಹೊಟ್ಟೆಯ ತೊಂದರೆ ಕೆಲವೇ ದಿನದಲ್ಲಿ ಹೋದರೂ ನರಗಳದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ಕಾಡಬಹುದು. ಸಾವು ಅಪರೂಪ, ಆದರೆ ಇದಕ್ಕೆ ಪ್ರತಿವಿಷ ಇಲ್ಲ. ಡಾಕ್ಟರಿಗೆ "ಮೀನು ತಿಂದೆ" ಎಂದಷ್ಟೇ ಹೇಳಿದರೆ ಸಾಮಾನ್ಯ ಫುಡ್ ಪಾಯಿಸನ್ ಎಂದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಹವಳದ ಕಡೆಯ ದೊಡ್ಡ ಕೆಂಪು ಮೀನು, ತಣ್ಣೀರು ಉರಿಯುತ್ತಿದೆ, ಈ ಎರಡನ್ನೂ ಬಿಡಿಸಿ ಹೇಳಿ. ಗುಣವಾದ ಮೇಲೂ ಕೆಲವು ತಿಂಗಳು ಮೀನು, ಮದ್ಯ, ಗೋಡಂಬಿಯಂಥ ಬೀಜಗಳಿಂದ ದೂರವಿರಿ, ಲಕ್ಷಣ ಮರುಕಳಿಸುವುದುಂಟು. ಉಳಿದ ಮೀನನ್ನು ಬಿಸಾಡದೆ ಫ್ರೀಜರಿನಲ್ಲಿಟ್ಟು, ಎಲ್ಲಿ ಕೊಂಡದ್ದು, ಯಾವ ದಿನ ಎಂದು ಚೀಟಿ ಅಂಟಿಸಿಡಿ. ಯಾವ ಬೋಟಿನದ್ದು ಎಂದು ಹುಡುಕಿ, ಅದೇ ಲಾಟಿನ ಮೀನು ಇನ್ನೊಂದು ಮನೆಗೆ ಹೋಗದಂತೆ ತಡೆಯಲು ಅದೊಂದು ತುಂಡು ಬೇಕಾಗುತ್ತದೆ.