ಜಿಪ್ಸಿಯ ಇಂಜಿನ್ ಕಂಪ್ಯೂಟರ್ ಸ್ಥಳಾಂತರ: ಒಂದು ಮಳೆಗಾಲದ ಕೆಲಸದ ದಿನಚರಿ

ಜೂನ್ 15

ತೋಟದ ಹಿಂದಿನ ಹಳ್ಳವನ್ನು ದಾಟುವಾಗ ನನ್ನ ಮಾರುತಿ ಜಿಪ್ಸಿ ಜೀಪಿನ ಒಳಕ್ಕೆ ಪಾದ ಮುಳುಗುವಷ್ಟು ನೀರು ಬಂದದ್ದು ಇದೇ ಮೊದಲಲ್ಲ. ದಾಟಿ ಮನೆ ಸೇರುವವರೆಗೂ ಗಾಡಿ ಯಾವ ತಕರಾರನ್ನೂ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಎಷ್ಟು ಸೆಲ್ಫ್ ಹೊಡೆದರೂ ಇಂಜಿನ್ ಹತ್ತಲಿಲ್ಲ. ಏರ್ ಫಿಲ್ಟರ್ ಒಣಗಿತ್ತು, ಪ್ಲಗ್‌ಗಳಲ್ಲಿ ಕಿಡಿ ಬರುತ್ತಿತ್ತು, ಪೆಟ್ರೋಲ್ ಪಂಪಿನ ಸದ್ದೂ ಕೇಳುತ್ತಿತ್ತು. ಕೊನೆಗೆ ಎಡಗಡೆಯ ಕಾಲಿಡುವ ಜಾಗದ ಮ್ಯಾಟ್ ಎತ್ತಿ ನೋಡಿದಾಗ, ಎಷ್ಟು ಪೆಟ್ರೋಲ್ ಬಿಡಬೇಕೆಂದು ತೀರ್ಮಾನಿಸುವ ಇಂಜಿನ್ ಕಂಪ್ಯೂಟರಿನ ಕಪ್ಲರ್ (ವೈರ್‌ಗಳನ್ನು ಕಂಪ್ಯೂಟರಿಗೆ ಸೇರಿಸುವ ಜೋಡಿಕೆ) ಕೆಸರುನೀರಿನಲ್ಲಿ ನೆನೆದಿತ್ತು, ಅದರ ಪಿನ್ನುಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು.

ಈ ಗಾಡಿ 1994ರ ಎಂಜಿ410 ಮಾದರಿಯದು. ಹುಟ್ಟಿದಾಗ ಅದಕ್ಕೆ ಇದ್ದದ್ದು 970 ಸಿಸಿಯ ಕಾರ್ಬ್ಯುರೇಟರ್ ಇಂಜಿನ್. ಹಿಂದಿನ ಮಾಲೀಕರು ಎಸ್ಟೀಮ್ ಕಾರಿನ 1298 ಸಿಸಿಯ ಎಂಪಿಎಫ್‌ಐ (ಕಂಪ್ಯೂಟರಿನ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ) ಇಂಜಿನ್ ಕೂರಿಸಿ, ಆರ್.ಸಿ.ಯಲ್ಲೂ ಅದನ್ನು ನಮೂದಿಸಿಕೊಂಡಿದ್ದರು. ಕೂರಿಸಿದವರು ಕಂಪ್ಯೂಟರನ್ನು ಎಲ್ಲಿಡಬೇಕೆಂದು ಯೋಚಿಸಿದಂತೆ ಕಾಣುವುದಿಲ್ಲ. ವೈರ್ ಎಲ್ಲಿಯವರೆಗೆ ಎಟುಕಿತೋ ಅಲ್ಲಿಗೆ ಎರಡು ಸ್ಕ್ರೂ ಹೊಡೆದಿದ್ದಾರೆ. ಅದು ನೆಲದಿಂದ ನಾಲ್ಕು ಬೆರಳಿನಷ್ಟೇ ಮೇಲೆ ಇದೆ.

ಬೆಳಿಗ್ಗೆ ಮಾತ್ರ ಏಕೆ ಹತ್ತಲಿಲ್ಲ ಎಂಬುದಕ್ಕೆ ಕಾರಣ ಹುಡುಕಲು ಕಷ್ಟವಾಗಲಿಲ್ಲ. ಇಂಜಿನ್ ಎಷ್ಟು ಬಿಸಿಯಾಗಿದೆ ಎಂದು ಹೇಳುವ ಕೂಲೆಂಟ್ ಸೆನ್ಸರ್ ತಣ್ಣಗಿರುವಾಗ ಎರಡು ಮೂರು ಸಾವಿರ ಓಮ್, ಬಿಸಿಯಾದಾಗ ಕೆಲವು ನೂರು ಓಮ್ ರೋಧ ತೋರಿಸುತ್ತದೆ. ಕಪ್ಲರಿನ ಎರಡು ಪಿನ್ನುಗಳ ನಡುವೆ ಕೆಸರಿನ ಪದರ ಕೂತರೆ ಅಲ್ಲಿಯೂ ಸ್ವಲ್ಪ ವಿದ್ಯುತ್ ಹರಿದು ಒಟ್ಟು ರೋಧ ಇಳಿಯುತ್ತದೆ. ಆಗ ಕಂಪ್ಯೂಟರ್ ತಣ್ಣಗಿರುವ ಇಂಜಿನನ್ನು ಬಿಸಿಯೆಂದು ನಂಬಿ ಪೆಟ್ರೋಲನ್ನು ಕಡಿಮೆ ಮಾಡುತ್ತದೆ. ಓಡಿ ಬಿಸಿಯಾಗಿದ್ದ ಇಂಜಿನ್ ಸುಮ್ಮನಿದ್ದು, ತಣಿದ ಇಂಜಿನ್ ಮುನಿದದ್ದು ಇದರಿಂದಲೇ. ಕಪ್ಲರನ್ನು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದು ಒಣಗಿಸಿದ ಮೇಲೆ ಗಾಡಿ ಹತ್ತಿತು. ಆದರೆ ಕಂಪ್ಯೂಟರನ್ನು ಮೇಲಕ್ಕೆ ಒಯ್ಯದೆ ಈ ವರ್ಷದ ಮಳೆ ಕಳೆಯುವುದಿಲ್ಲ.

ಜೂನ್ 23

ಸೀಟಿನ ಕೆಳಗೆ ಇಟ್ಟರೆ ಅದೇ ನೀರು ಅಲ್ಲಿಗೂ ಬರುತ್ತದೆ. ಬಾನೆಟ್ಟಿನ ಒಳಗೆ ಇಡಲು, ಈ ಕಂಪ್ಯೂಟರ್ ಆ ಶಾಖಕ್ಕಾಗಲಿ ನೀರಿನ ಎರಚಿಗಾಗಲಿ ತಯಾರಾದದ್ದಲ್ಲ. ಉಳಿದದ್ದು ಡ್ಯಾಶ್‌ಬೋರ್ಡಿನ ಹಿಂದೆ, ಎಡಗಡೆಯ ಮೇಲ್ಮೂಲೆ. ಅಲ್ಲಿಯವರೆಗೆ ನೀರು ಏರುವ ಹೊತ್ತಿಗೆ ಇಂಜಿನ್ ಗಾಳಿಯ ಬದಲು ನೀರನ್ನೇ ಎಳೆದುಕೊಂಡಿರುತ್ತದೆ, ಆಮೇಲೆ ಕಂಪ್ಯೂಟರ್ ಒಣಗಿದ್ದೂ ಪ್ರಯೋಜನವಿಲ್ಲ. ಆದರೆ ಜಿಪ್ಸಿಯ ಮುಂಗಾಜು ಮಡಚುವಂಥದ್ದು. ಅದರ ಬುಡದ ರಬ್ಬರ್ ಹಳೆಯದಾದರೆ ಮಳೆನೀರು ನೇರವಾಗಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಸೋರುತ್ತದೆ. ಹಳ್ಳದಿಂದ ತಪ್ಪಿಸಿ ಸೂರಿನ ನೀರಿಗೆ ಒಡ್ಡಿದಂತೆ ಆಗಬಾರದು.

ಹಳೆಯ ವೈರಿಂಗ್ ಇಂಜಿನ್ ಕಡೆಯ ತಗಡಿನ ಗೋಡೆಯಲ್ಲಿ ಕೆಳಗಿನ ತೂತಿನಿಂದ ಒಳಗೆ ಬರುತ್ತಿತ್ತು. ಅದನ್ನು ಹೊರಕ್ಕೆ ಎಳೆದು, ಮೇಲ್ಭಾಗದಲ್ಲಿ ಹೊಸ ತೂತು ಕೊರೆದು ಅದರ ಅಂಚಿಗೆ ರಬ್ಬರ್ ಗ್ರೋಮೆಟ್ (ಬಳೆ) ಹಾಕಿ ಒಳತಂದರೆ, ವೈರ್ ಒಂದು ಗೇಣು ಮಾತ್ರ ಒಳಗೆ ಸಿಗುತ್ತದೆ. ಅಲ್ಲಿಂದ ಕಂಪ್ಯೂಟರಿಗೆ, ನೀರು ತೊಟ್ಟಿಕ್ಕಲೆಂದು ಇಳಿಬಿಟ್ಟ ಕುಣಿಕೆಯನ್ನೂ ಸೇರಿಸಿದರೆ, ಸುಮಾರು 70 ಸೆಂ.ಮೀ. ಬೇಕು.

ಹಳೆಯ ವೈರನ್ನು ನಡುವೆ ಕತ್ತರಿಸಿ ಹೊಸ ತುಂಡು ಸೇರಿಸಿದರೆ ಪ್ರತಿ ವೈರಿಗೂ ಎರಡು ಬೆಸುಗೆ ಬೀಳುತ್ತವೆ. ನನ್ನ ಗಾಡಿಯಲ್ಲಿ ಬಳಕೆಯಲ್ಲಿರುವ ವೈರ್‌ಗಳು 38. ಅಂದರೆ 76 ಕಡೆ ನೀರಿಗೆ ಬಾಗಿಲು ತೆರೆದಂತೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎಸ್ಟೀಮಿನ ಹಳೆಯ ವೈರಿಂಗ್ ಸೆಟ್ ಒಂದು ಸಿಕ್ಕಿತು. ಅದರ ಕಪ್ಲರನ್ನು ಉದ್ದನೆಯ ವೈರ್‌ಗಳ ಸಮೇತ ಕತ್ತರಿಸಿ ತಂದದ್ದರಿಂದ ವೈರಿಗೆ ಒಂದೇ ಜೋಡಣೆ ಸಾಕಾಯಿತು, ಬಣ್ಣಗಳೂ ಹೊಂದಿದವು. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೆಯ ಖರೀದಿ ಇದೊಂದೇ.

ಜೂನ್ 30

ವೈರ್ ಉದ್ದವಾದರೆ ಸೆನ್ಸರ್‌ಗಳ ಲೆಕ್ಕ ತಪ್ಪುವುದಿಲ್ಲವೇ ಎಂದು ಅಣ್ಣ ಕೇಳಿದ. ಅರ್ಧ ಚದರ ಮಿ.ಮೀ.ನ ತಾಮ್ರದ ವೈರ್ 70 ಸೆಂ.ಮೀ. ಹೆಚ್ಚಾದರೆ ಕೂಡುವ ರೋಧ ಓಮಿನ ನಲವತ್ತನೇ ಒಂದು ಭಾಗ. ಪೆಟ್ರೋಲ್ ಸಿಂಪಡಿಸಲು ಒಂದು ಆಂಪಿಯರ್ ಎಳೆಯುವ ಇಂಜೆಕ್ಟರಿಗೂ ಅದು 25 ಮಿಲಿವೋಲ್ಟಿನ ನಷ್ಟ, ಮಿಲಿಆಂಪಿಯರ್‌ಗಳಲ್ಲಿ ಕೆಲಸ ಮಾಡುವ ಸೆನ್ಸರಿಗೆ ಏನೂ ಅಲ್ಲ.

ತೊಂದರೆ ಇರುವುದು ಅರ್ಥಿಂಗ್‌ನಲ್ಲಿ. ಎಲ್ಲ ಇಂಜೆಕ್ಟರ್‌ಗಳ ವಿದ್ಯುತ್ ಕಂಪ್ಯೂಟರಿನ ಮೂಲಕ ಅರ್ಥ್ ವೈರಿಗೇ ಇಳಿಯುತ್ತದೆ; ನಾಲ್ಕು ಆಂಪಿಯರ್ ಹರಿದರೆ ಅದೇ ಸಣ್ಣ ವೈರಿನಲ್ಲಿ 100 ಮಿಲಿವೋಲ್ಟ್ ಏರುತ್ತದೆ. ನನ್ನ ಸೈಲೆನ್ಸರ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಒಂದೇ ವೈರಿನದು, ಅದರ ಅರ್ಥ್ ಇಂಜಿನಿನ ಮೈ. ಅದು ಕೊಡುವುದು ಸೊನ್ನೆಯಿಂದ ಒಂದು ವೋಲ್ಟ್, ಕಂಪ್ಯೂಟರ್ ತೀರ್ಮಾನ ಮಾಡುವುದು 0.45 ವೋಲ್ಟಿನ ಆಸುಪಾಸಿನಲ್ಲಿ. ಕಂಪ್ಯೂಟರಿನ ಅರ್ಥ್ 0.1 ವೋಲ್ಟ್ ಮೇಲೆದ್ದರೆ ಸೆನ್ಸರಿನ ಮಾತು ಅಷ್ಟು ಕಡಿಮೆಯಾಗಿ ಕೇಳಿಸುತ್ತದೆ, ಪೆಟ್ರೋಲ್ ಸಾಲದೆಂದು ತಿಳಿದು ಕಂಪ್ಯೂಟರ್ ಹೆಚ್ಚು ಸುರಿಯುತ್ತದೆ. ಆದ್ದರಿಂದ ಗುಜರಿಯ ಅರ್ಥ್ ವೈರ್‌ಗಳನ್ನು ತೆಗೆದುಹಾಕಿ, 2.5 ಚದರ ಮಿ.ಮೀ.ನ ಎರಡು ಹೊಸ ವೈರ್‌ಗಳನ್ನು ಇಂಜಿನ್ ಬ್ಲಾಕಿನ ಒಂದೇ ಬೋಲ್ಟಿಗೆ, ಬಣ್ಣ ಕೆರೆದು, ಬಿಗಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಸೆನ್ಸರಿಗೆ, ಹೊರಗಿನ ವಿದ್ಯುತ್ ಗದ್ದಲ ತಾಗದಂತೆ, ಜಾಲರಿ ಹೊದಿಕೆಯ ವೈರ್ ಎಳೆದು, ಜಾಲರಿಯನ್ನು ಕಂಪ್ಯೂಟರಿನ ತುದಿಯಲ್ಲಿ ಮಾತ್ರ ಅರ್ಥ್ ಮಾಡಿದ್ದೇನೆ.

ಜುಲೈ 7 ಮತ್ತು 14

ಎರಡು ಭಾನುವಾರಗಳು ಜೋಡಣೆಗೇ ಹೋದವು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಒಮ್ಮೆಗೆ ಒಂದೇ ವೈರನ್ನು ಕತ್ತರಿಸಿ, ಅದನ್ನು ಸೇರಿಸಿದ ಮೇಲೆಯೇ ಮುಂದಿನದನ್ನು ಮುಟ್ಟಿದೆ. ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯಂತೆ ಸೆಟೆಸುತ್ತದೆ. ಸೆಟೆದ ಭಾಗ ಮುಗಿಯುವ ಜಾಗದಲ್ಲೇ, ಕಲ್ಲುದಾರಿಯ ಅದುರಾಟಕ್ಕೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ತಾಮ್ರದ ಸಣ್ಣ ತೋಳು ಹಾಕಿ ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ (ಒತ್ತಿ ಬಿಗಿದು), ಅದರ ಮೇಲೆ ಒಳಗೆ ಅಂಟಿನ ಪದರವಿರುವ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು, ಎರಡೂ ಬಾಯಿಗಳಲ್ಲಿ ಅಂಟು ಉಕ್ಕುವವರೆಗೆ ಬಿಸಿ ಮಾಡಿದೆ. ಅಂಟಿಲ್ಲದ ಸಾಧಾರಣ ಸ್ಲೀವ್ ನೀರನ್ನು ತಡೆಯುವುದಿಲ್ಲ, ಒಳಸೇರಿದ ನೀರು ಆರದಂತೆ ಹಿಡಿದಿಡುತ್ತದೆ. ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ವೈರಿನ ಎಳೆಗಳ ನಡುವೆಯೂ ಏರಬಲ್ಲದು. ಬಾನೆಟ್ಟಿನೊಳಗೆ ಎಲ್ಲೋ ಸಿಪ್ಪೆ ಸುಲಿದಿದ್ದರೆ ಕಂಪ್ಯೂಟರಿನ ಪಿನ್ನಿನವರೆಗೂ ಬರುತ್ತದೆ. ಎಲ್ಲ ಜೋಡಣೆಗಳೂ ಒಂದೇ ಕಡೆ ಬಂದರೆ ಗೊಂಚಲು ಗಂಟುಕಟ್ಟುತ್ತದೆಂದು ಒಂದು ಗೇಣಿನ ಉದ್ದಕ್ಕೆ ಹಿಂದು ಮುಂದಾಗಿ ಹರಡಿದ್ದೇನೆ.

ಮಲ್ಟಿಮೀಟರಿನ ಬೀಪ್ ಸದ್ದನ್ನು ನಂಬಿ ಮುಗಿಸಿಬಿಡುವವನಿದ್ದೆ. ಒಂದೇ ಎಳೆ ಹಿಡಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ ಎಂಬುದು ನೆನಪಾಗಿ, ಕಪ್ಲರನ್ನು ಕಂಪ್ಯೂಟರಿಗೆ ಹಾಕುವ ಮೊದಲು, ವಿದ್ಯುತ್ ತರುವ ವೈರ್‌ಗಳನ್ನೂ ಅರ್ಥ್ ವೈರ್‌ಗಳನ್ನೂ 21 ವ್ಯಾಟಿನ ಇಂಡಿಕೇಟರ್ ಬಲ್ಬು ಕಟ್ಟಿ ಪರೀಕ್ಷಿಸಿದೆ. ಒಂದರಲ್ಲಿ ಬಲ್ಬು ಕೆಂಡದಂತೆ ಮಂಕಾಗಿ ಉರಿಯಿತು. ಸ್ಲೀವ್ ಸೀಳಿ ನೋಡಿದರೆ, ತೋಳು ತಾಮ್ರವನ್ನು ಬಿಟ್ಟು ಸಿಪ್ಪೆಯನ್ನೇ ಕಚ್ಚಿತ್ತು. ನಾಲ್ಕು ಎಳೆಗಳು ಮಾತ್ರ ತಾಗಿದ್ದವು. ಸಂಜೆ ಐದರ ನಂತರ ಮಾಡಿದ ಜೋಡಣೆ ಅದು. ಬೆಳಕಿಲ್ಲದಾಗ ಮಾಡಿದ್ದ ಉಳಿದ ಐದನ್ನೂ ಬಿಚ್ಚಿ ಮತ್ತೆ ಮಾಡಿದೆ.

ಜುಲೈ 21

ಮೊದಲಿನ ಯೋಜನೆಯಂತೆ ಕಂಪ್ಯೂಟರನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ರಬ್ಬರ್ ಹಾಕಿ ಗಾಳಿಯಾಡದಂತೆ ಮುಚ್ಚುವ ಸಿದ್ಧತೆ ಮಾಡಿದ್ದೆ. ಅದನ್ನು ಕೈಬಿಟ್ಟೆ. 60 ಡಿಗ್ರಿಗೆ ಕಾದ ಡಬ್ಬಿ ಹಳ್ಳದ 20 ಡಿಗ್ರಿ ನೀರಿಗೆ ತಣಿದರೆ ಒಳಗಿನ ಗಾಳಿಯ ಒತ್ತಡ ಶೇಕಡಾ 12ರಷ್ಟು ಇಳಿಯುತ್ತದೆ. ಅದು 1.2 ಮೀಟರ್ ನೀರಿನ ಕಂಬವನ್ನು ಎಳೆಯುವಷ್ಟು ಹೀರುವ ಬಲ. ರಬ್ಬರಿನಲ್ಲಿ ಕೂದಲೆಳೆಯ ಸಂದಿದ್ದರೂ ಡಬ್ಬಿ ತಾನೇ ನೀರು ಕುಡಿಯುತ್ತದೆ. ಆಕ್ಸಲ್‌ಗಳಿಗೆ (ಚಕ್ರದ ಅಚ್ಚುಗಳಿಗೆ) ಗಾಳಿಯಾಡುವ ಬ್ರೀದರ್ ಕೊಳವೆ ಇಡುವುದೂ ಇದೇ ಕಾರಣಕ್ಕೆ. ಮುಚ್ಚಿದರೆ ಮಲೆನಾಡಿನ ತೇವ ಒಳಗೇ ಉಳಿದು ಬೆವರುತ್ತದೆ ಎಂಬ ಚಿಂತೆಯೂ ಇತ್ತು.

ಈಗ ಅದೇ ಡಬ್ಬಿ, ಮುಚ್ಚಳವಿಲ್ಲದೆ, ಮಗುಚಿಟ್ಟ ಚೆಂಬಿನಂತೆ ಕಂಪ್ಯೂಟರಿನ ಮೇಲೆ ಕೂತಿದೆ. ಕಪ್ಲರಿನ ಬಾಯಿ ಕೆಳಮುಖವಾಗಿದೆ. ವೈರ್ ಗೊಂಚಲು ಅಲ್ಲಿಂದ ಒಂದು ಗೇಣು ಕೆಳಗಿಳಿದು ಬಾಗಿ ಮತ್ತೆ ಮೇಲೇರುವುದರಿಂದ ಅದರ ಮೇಲೆ ಹರಿದ ನೀರು ಬಾಗಿದ ಜಾಗದಲ್ಲೇ ತೊಟ್ಟಿಕ್ಕುತ್ತದೆ.

ಆಗಸ್ಟ್ 4

ಮುಂಗಾಜಿನ ಬುಡಕ್ಕೆ ಕಾಲು ಗಂಟೆ ಪೈಪಿನಿಂದ ನೀರು ಬಿಟ್ಟೆ. ಸೋರಿತು, ಆದರೆ ಡಬ್ಬಿಯ ಬೆನ್ನ ಮೇಲೆ ಹರಿದು ಹೋಯಿತು; ಒಳಗೆ ಅಂಟಿಸಿದ್ದ ಕಾಗದ ಒಣಗಿಯೇ ಇತ್ತು. ಇಂಜಿನ್ ಓಡುತ್ತಿರುವಾಗ ಗೊಂಚಲನ್ನು ಹಿಡಿದು ಅಲುಗಾಡಿಸಿದರೂ ಲಯ ತಪ್ಪಲಿಲ್ಲ. ಕಂಪ್ಯೂಟರಿನ ಅರ್ಥ್ ಪಿನ್ನಿಗೂ ಇಂಜಿನಿಗೂ ನಡುವಿನ ವ್ಯತ್ಯಾಸ 15 ಮಿಲಿವೋಲ್ಟ್. ಚೆಕ್ ಇಂಜಿನ್ ದೀಪ ಒಮ್ಮೆ ಮಿನುಗಿ, ತಡೆದು, ಎರಡು ಬಾರಿ ಮಿನುಗಿತು: ಕೋಡ್ 12, ದೋಷವಿಲ್ಲ.

ಇವತ್ತು ಮಧ್ಯಾಹ್ನ ಅದೇ ಹಳ್ಳವನ್ನು ಎರಡು ಬಾರಿ ದಾಟಿದೆ. ಒಳಗೆ ಮತ್ತೆ ಪಾದ ಮುಳುಗುವಷ್ಟು ನೀರು ಬಂತು. ಇಳಿದು ನೋಡಿದಾಗ ಪೆಟ್ರೋಲ್ ಪಂಪಿಗೆ ವಿದ್ಯುತ್ ಹರಿಸುವ ಸ್ವಿಚ್ಚಾದ ರಿಲೇ, ಕಂಪ್ಯೂಟರಿದ್ದ ಹಳೆಯ ಜಾಗದ ಪಕ್ಕದಲ್ಲೇ, ನೀರಿನಿಂದ ಎರಡು ಬೆರಳು ಮೇಲೆ ನೇತಾಡುತ್ತಿತ್ತು. ಗುಜರಿಯ ವೈರ್ ಇನ್ನೂ ಒಂದು ಮೀಟರ್ ಉಳಿದಿದೆ; ಮುಂದಿನ ಭಾನುವಾರ ಅದರ ಸರದಿ.