ಏಳರ ಹೊಟ್ಟೆಗೊಂದು ಗೆರೆ

ಹತ್ತು ವರ್ಷದಿಂದ ಹಳೆಯ ಪಳೆಯುಳಿಕೆ ಕೂಡಿಡುತ್ತಿದ್ದೇನೆ. ನಾನೇ ಅಗೆದು ತೆಗೆದವಲ್ಲ. ಹಿಂದೆ ಯಾರೋ ಆರಿಸಿ, ಚೀಟಿ ಬರೆದಿಟ್ಟು, ಕೈಯಿಂದ ಕೈಗೆ ದಾಟಿ ಬಂದಂಥವು. ಚಿತ್ರದುರ್ಗದವನಿಗೆ ಬೇರೆ ದಾರಿಯೂ ಇಲ್ಲ. ನಮ್ಮ ಬಂಡೆಗಳಿಗೆ ವಯಸ್ಸು ಜಾಸ್ತಿ. ಮಾರಿಕಣಿವೆ ಸುತ್ತಿನ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ, 250 ಕೋಟಿ ವರ್ಷಕ್ಕೂ ಹಿಂದಿನವು. ಕಾಲು, ಕಣ್ಣು, ಚಿಪ್ಪು ಇರುವ ಪ್ರಾಣಿ ಭೂಮಿಯ ಮೇಲೆ ಹುಟ್ಟುವ ಎಷ್ಟೋ ಮೊದಲೇ ಈ ಕಲ್ಲು ಕಲ್ಲಾಗಿತ್ತು.

ಹಾಗಾಗಿ ದಾವಣಗೆರೆಯ ಮಂಡಿಪೇಟೆ ಕಡೆಯ ಗುಜರಿ ಅಂಗಡಿಯಲ್ಲಿ ಟ್ರೈಲೊಬೈಟ್, ಅಂದರೆ ಕೋಟ್ಯಂತರ ವರ್ಷದ ಹಿಂದೆಯೇ ಅಳಿದುಹೋದ ಚಿಪ್ಪಿನ ಕಡಲಜೀವಿಯ ಪಳೆಯುಳಿಕೆ, ಕಂಡಾಗ ಎದೆ ಧಸಕ್ಕೆಂದಿತು. ಇದು ಇಲ್ಲಿಗೆ ತಾನಾಗಿ ಬಂದಿರಲು ಸಾಧ್ಯವೇ ಇಲ್ಲ, ಯಾರೋ ತಂದಿರಲೇಬೇಕು.

ಹಸಿರು ಬೆರೆತ ಬೂದು ಬಣ್ಣದ ಕಲ್ಲು. ಅದರ ಮೇಲೆ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡ ಜೀವ, ಲಾಳದಂಥ ತಲೆ, ಗೆರೆಗೆರೆಯ ಬೆನ್ನು. ಮೂಲೆಯಲ್ಲಿ ಬಿಳಿ ಬಣ್ಣದ ಒಂದು ಬೊಟ್ಟು, ಬೊಟ್ಟಿನೊಳಗೆ ಕಪ್ಪು ಶಾಯಿಯಲ್ಲಿ 47. ರಟ್ಟಿನ ಡಬ್ಬಿಯ ತಳಕ್ಕೆ ಅಂಟಿದ್ದ ಚೀಟಿಯನ್ನು ಅಲ್ಲೇ ನಿಂತು ಓದಿದೆ. ಮೇಲೆ ಅಚ್ಚಾದ ಹೆಸರು: ಡಾ. ಎಫ್. ಕ್ರಾಂಟ್ಸ್, ಬಾನ್. ಕೆಳಗೆ ಕೈಬರಹ: ಎಲಿಪ್ಸೊಸೆಫಾಲಸ್ ಹಾಫಿ, ಕೇಂಬ್ರಿಯಮ್, ಜಿನೆಟ್ಸ್, ಬೋಮೆನ್. ಅಂಗಡಿಯವನು ಕೇಳಿದ್ದು ಐವತ್ತು ರೂಪಾಯಿ.

ಕ್ರಾಂಟ್ಸ್ ಎಂದರೆ 1833ರಲ್ಲಿ ಶುರುವಾದ ಜರ್ಮನಿಯ ಕಲ್ಲು, ಖನಿಜ, ಪಳೆಯುಳಿಕೆಗಳ ವ್ಯಾಪಾರದ ಮನೆ. ಕಾಲೇಜುಗಳಿಗೆ ಪಾಠದ ಮಾದರಿಗಳನ್ನು ಕಳಿಸುತ್ತಿತ್ತು. ಚೀಟಿಯ ಮೊದಲೆರಡು ಪದ ಈ ಜೀವಿಯ ಶಾಸ್ತ್ರೀಯ ಹೆಸರು, ಜಿನೆಟ್ಸ್ ಅದು ಸಿಕ್ಕ ಊರು, ಬೋಮೆನ್ ಎಂದರೆ ಬೊಹೆಮಿಯಾ. 1918ರಲ್ಲಿ ಅದು ಚೆಕೊಸ್ಲೊವಾಕಿಯಾಕ್ಕೆ ಸೇರಿತು, ಆದರೆ ಜರ್ಮನ್ನರ ಬಾಯಲ್ಲಿ ಹಳೆ ಹೆಸರು ಉಳಿದೇ ಇತ್ತು, ಆದ್ದರಿಂದ ಅದೊಂದನ್ನೇ ಹಿಡಿದು ಚೀಟಿಯ ಕಾಲ ಹೇಳಲಾಗದು. ನನಗೆ ಹೆಚ್ಚು ಸುಳಿವು ಕೊಟ್ಟದ್ದು ಕೇಂಬ್ರಿಯಮ್ ಎಂಬ ಪದ, ಭೂಮಿಯ ಚರಿತ್ರೆಯ ಒಂದು ಯುಗದ ಹೆಸರು. ಬೊಹೆಮಿಯಾದ ಟ್ರೈಲೊಬೈಟ್‌ಗಳಿಗೇ ಆಯುಷ್ಯ ಸವೆಸಿ 1883ರಲ್ಲಿ ತೀರಿಕೊಂಡ ಬಾರಾಂಡ್, ಸುಮಾರು 50 ಕೋಟಿ ವರ್ಷದ ಈ ಪದರವನ್ನೂ ಅದಕ್ಕಿಂತ ಈಚಿನ ಸೈಲೂರಿಯನ್ ಯುಗದ ಲೆಕ್ಕಕ್ಕೇ ಹಾಕಿದ್ದರು. ಅವರ ಲೆಕ್ಕ ಬದಲಾದ ಮೇಲೆ ಬರೆದ ಚೀಟಿ ಇದು.

ಬಾನ್‌ನಿಂದ ದಾವಣಗೆರೆಯವರೆಗಿನ ದಾರಿಯಲ್ಲಿ ಕೊನೆಯ ತುದಿಯಾದರೂ ಸಿಗುತ್ತದೇನೋ ಎಂದು ಹೊರಟೆ. ಯಾವ ಕಾಲೇಜಿನ ಲ್ಯಾಬ್ ಖಾಲಿ ಮಾಡಿದ್ದು ಎಂದು ಅಂಗಡಿಯವನು ಹೇಳಿದ. ಅಲ್ಲಿನ ಗುಮಾಸ್ತರು ನಿವೃತ್ತ ಅಟೆಂಡರ್ ಒಬ್ಬರ ಮನೆ ತೋರಿಸಿದರು. ನಿಟ್ಟುವಳ್ಳಿಯಲ್ಲಿ, ಎಂಬತ್ತು ದಾಟಿದ ಹಿರಿಯರು.

"ಯಜಮಾನ್ರೇ, ಇದು ಗುರ್ತು ಸಿಗ್ತದ?" ಎಂದು ಡಬ್ಬಿ ಬಿಚ್ಚಿದೆ.

ಅವರು ಪ್ರಾಣಿಯನ್ನು ನೋಡಲೇ ಇಲ್ಲ. ಕಲ್ಲನ್ನು ಬೆಳಕಿಗೆ ತಿರುಗಿಸಿ ನಂಬರ್ ನೋಡಿದರು.

"ನಂದೇ ಅಕ್ಷರ ನೋಡಪ್ಪ ಇದು. ಏಳರ ಹೊಟ್ಟಿಗೆ ಗೆರೆ ಹಾಕೀನಲ್ಲ? ಇಲ್ಲಾಂದ್ರೆ ಹುಡುಗ್ರು ಒಂದು ಅಂತ ತಿಳ್ಕಂಡು ಬ್ಯಾರೆ ಖಾನೆಗೆ ಇಡ್ತಿದ್ರು."

ಬೆಂಕಿಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು ಬಿಳಿ ಪೇಂಟಿನ ಬೊಟ್ಟು ಇಡುತ್ತಿದ್ದರಂತೆ. ಅದು ಒಣಗಲು ಒಂದು ರಾತ್ರಿ ಬಿಟ್ಟು, ಮರುದಿನ ನಿಬ್ಬಿನಿಂದ ಅಂಕಿ. ಅಂಕಿಯ ಮೇಲೆ ವಾರ್ನಿಶ್. ಅದಕ್ಕೇ ಇಷ್ಟು ವರ್ಷವಾದರೂ ಅಳಿಸಿಲ್ಲ. ಆ ಕಲ್ಲುಗಳನ್ನು ಕಾಲೇಜಿಗೆ ತಂದವರು ಮೊದಲ ಭೂವಿಜ್ಞಾನ ಮೇಷ್ಟ್ರು. ಅವರಿಗೆ ತಾವು ಓದಿದ ಕಾಲೇಜಿನಿಂದ ಬಂದದ್ದಂತೆ. ಅದರಾಚೆಗೆ ಇವರಿಗೂ ಗೊತ್ತಿಲ್ಲ.

"ಎರಡು ಬೀರು ತುಂಬ ಇದ್ವು. ಇನ್ನೂರರ ಮ್ಯಾಲೆ ನಂಬರ್ ಹಾಕೀನಿ ನಾನು. ಉಳಿದವು ಎಲ್ಲದಾವು?"

ನನಗೆ ಉತ್ತರ ಹೊಳೆಯಲಿಲ್ಲ. ಮೊದಲ ದಿನ ಅಂಗಡಿಯ ಕಟ್ಟೆ ಮೇಲಿದ್ದದ್ದು ಆ ಒಂದೇ ಡಬ್ಬಿ. ಒಳಗೆ ಇನ್ನೇನಿದೆ ಎಂದು ನಾನು ಕೇಳಿರಲೇ ಇಲ್ಲ. ಆ ಮರೆವು ಈಗಲೂ ಕೊರೆಯುತ್ತದೆ.

ಸಂಜೆಯೇ ಅಂಗಡಿಗೆ ಓಡಿದೆ. ಬೀರುಗಳನ್ನು ಕಬ್ಬಿಣದ ತೂಕಕ್ಕೆ ಕೊಟ್ಟಾಗಿತ್ತು. ಕಲ್ಲುಗಳು? "ಅವನ್ನ ಯಾರು ತಗಂತಾರೆ ಸಾರ್? ಮನಿ ಪಾಯ ತುಂಬಾಕೆ ಅಂತ ಒಬ್ಬ ಟ್ರ್ಯಾಕ್ಟರ್‌ನಾಗೆ ಹೇರ್ಕಂಡು ಹೋದ." ಯಾವ ಮನೆ, ಯಾವ ಬಡಾವಣೆ, ಅವನಿಗೆ ನೆನಪಿರಲಿಲ್ಲ. ಹಿಂದಿನ ಕೋಣೆಯ ಚೀಲದಲ್ಲಿ ರಟ್ಟಿನ ಖಾಲಿ ಡಬ್ಬಿಗಳು ಮಾತ್ರ ಇದ್ದವು, ರದ್ದಿಗೆ ಹಾಕಲು ಒತ್ತಿ ತುಂಬಿದ್ದು. ನೆಲಕ್ಕೆ ಸುರಿದು ಒಂದೊಂದನ್ನೇ ತಿರುವಿದೆ. ಹದಿನಾಲ್ಕರಲ್ಲಿ ಚೀಟಿ ಉಳಿದಿತ್ತು. ಒಂದರಲ್ಲಿ ಅಮೊನೈಟ್, ಟ್ರಿಚಿನಾಪಲಿ ಎಂದಿತ್ತು, ಅಂದರೆ ಸುರುಳಿ ಚಿಪ್ಪಿನ ಹಳೆಯ ಕಡಲಜೀವಿ, ಈಗಿನ ತಿರುಚಿರಾಪಳ್ಳಿ ಕಡೆಯದು. ನಮ್ಮಲ್ಲಿ ಎಷ್ಟೋ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ಸುರುಳಿಯೂ ಇದೇ ಕುಲದ್ದು. ಚೀಟಿಯ ಮಗ್ಗುಲಲ್ಲಿ ಪುಟ್ಟದಾಗಿ 17, ಏಳರ ಹೊಟ್ಟೆಗೆ ಗೆರೆ.

ಆ ರಾತ್ರಿ ಟ್ರೈಲೊಬೈಟಿಗೆ ಹೊಸ ಚೀಟಿ ಬರೆದೆ: ಕ್ರಾಂಟ್ಸ್, ಆಮೇಲೆ ಹೆಸರು ತಿಳಿಯದ ಒಂದು ಕಾಲೇಜು, ಮೇಷ್ಟ್ರು, ಅಂಕಿ ಬರೆದ ಅಟೆಂಡರ್, ಗುಜರಿ ಅಂಗಡಿ, ನಾನು. ಹದಿನಾಲ್ಕು ಡಬ್ಬಿಗಳನ್ನೂ ಒರೆಸಿ ಅದರ ಪಕ್ಕದ ಖಾನೆಯಲ್ಲಿ ಖಾಲಿಯಾಗಿಯೇ ಜೋಡಿಸಿದ್ದೇನೆ.