ಲೀಡ್ಸ್‌ನ ಫೋನಿಕ್ಸ್, ನಮ್ಮೂರ ನಲಿ-ಕಲಿ

ಇಂಗ್ಲೆಂಡಿನಲ್ಲಿ ನಾಲ್ಕು ತುಂಬಿದ ಮಕ್ಕಳು ರಿಸೆಪ್ಷನ್ ಅನ್ನುವ ತರಗತಿಗೆ ಸೇರುತ್ತಾರೆ. ಇಲ್ಲಿ ಲೀಡ್ಸ್‌ನಲ್ಲಿ ನನ್ನ ಮಗಳು ಸೇರಿದಾಗ ಎಬಿಸಿಡಿ ಬಾಯಿಪಾಠ ಮಾಡಿಸಲಿಲ್ಲ. ಮೊದಲು ಬಂದದ್ದು ಎಸ್, ಎ, ಟಿ, ಪಿ, ಐ, ಎನ್. ಅದೂ ಹೆಸರಿನಿಂದಲ್ಲ, ಸದ್ದಿನಿಂದ. ಹೀಗೆ ಸದ್ದಿನಿಂದ ಓದು ಕಲಿಸುವುದಕ್ಕೇ ಫೋನಿಕ್ಸ್ ಅನ್ನುತ್ತಾರೆ. ಈ ಆರೇ ಅಕ್ಷರ ಜೋಡಿಸಿ ಸ್ಯಾಟ್, ಪಿನ್, ಟ್ಯಾಪ್ ಅಂತ ಮಗು ಓದಲು ಶುರು ಮಾಡುತ್ತದೆ. ಇಂಗ್ಲಿಷಿಗೆ ಅಕ್ಷರ 26, ಸದ್ದು ಸುಮಾರು 44. ಬರೀ ಹೆಸರು ಗೊತ್ತಿದ್ದರೆ ಓದು ಬರುವುದಿಲ್ಲ, ಅಲ್ವಾ?

ದಾವಣಗೆರೆಯ ಅಕ್ಕನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವಳು ಜಗಳೂರು ಕಡೆ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಟೀಚರ್. "ನಾವೂ ಅದನ್ನೇ ಅಲ್ಲೇನೇ ಮಾಡೋದು? ಅ ಆ ಇ ಈ ಅಂತ ಶುರು ಮಾಡಲ್ಲ. ರ ಗ ಸ ದ ಅ" ಅಂದಳು. ಹೌದಲ್ಲ! ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಸುಮ್ನೆ ಹಾಡು, ಕುಣಿತ ಅಂತ ನಮ್ಮ ಜನ ಇದನ್ನು ತಳ್ಳಿಹಾಕುತ್ತಾರೆ. ಆಮೇಲೆ ದುಡ್ಡು ಕಟ್ಟಿ, ಎಲ್‌ಕೆಜಿ ಮಗುವಿನ ಕೈಲಿ ಪುಟಗಟ್ಟಲೆ ಎಬಿಸಿಡಿ ಬರೆಸುತ್ತಾರೆ. ನನಗೆ ಬಹಳ ಬೇಜಾರಾಗುತ್ತದೆ.

ಇಲ್ಲಿ ಇಂಗ್ಲೆಂಡಿನಲ್ಲಿ ರಿಸೆಪ್ಷನ್ ಆದಮೇಲಿನ ತರಗತಿ, ಅಂದರೆ ಇಯರ್ ಒನ್‌ನ ಕೊನೆಗೆ, ಜೂನ್‌ನಲ್ಲಿ, ಒಂದು ಸಣ್ಣ ಪರೀಕ್ಷೆ ಇದೆ. 2012ರಿಂದ ನಡೆಯುತ್ತಿದೆ. ಟೀಚರ್ ಪಕ್ಕ ಕೂತು 40 ಪದ ಓದಬೇಕು. ಅದರಲ್ಲಿ ಅರ್ಧ ಪದಗಳಿಗೆ ಅರ್ಥವೇ ಇಲ್ಲ, ಬಿಮ್ ಅನ್ನುವಂಥವು. ಪಕ್ಕದಲ್ಲೊಂದು ವಿಚಿತ್ರ ಪ್ರಾಣಿಯ ಚಿತ್ರ. ನೆನಪಿನಿಂದ, ಅಂದಾಜಿನಿಂದ ಹೇಳಲು ಆಗಬಾರದು ಅಂತ ಈ ಉಪಾಯ. ಆದರೆ ಸದ್ದು ಜೋಡಿಸಿದ ಮಾತ್ರಕ್ಕೆ ಅರ್ಥ ಆಗುವುದಿಲ್ಲ. ಅದಕ್ಕೇ ರಾತ್ರಿ ಕಥೆ ಓದಿ ಹೇಳುವುದನ್ನು ನಾನು ಬಿಟ್ಟಿಲ್ಲ.

ಮಗಳಿಗೆ ಕನ್ನಡವನ್ನೂ ಹೀಗೇ ಕಲಿಸುತ್ತಿದ್ದೇನೆ. ಅಕ್ಕ ವಾಟ್ಸಾಪ್‌ನಲ್ಲಿ ಕಾರ್ಡುಗಳ ಫೋಟೋ ಕಳಿಸಿದಳು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು, ಹಾಗಾಗಿ ಬೇಗ ಹತ್ತಿತು. ಗುಣಿತಕ್ಕೆ ಜಾಸ್ತಿ ದಿನ ಹಿಡಿಯಿತು. ಕಷ್ಟವಾದದ್ದು ಅರ್ಕಾವೊತ್ತು. ಬರೆಯುವಾಗ ಅದು ಅಕ್ಷರದ ನಂತರ, ಓದುವಾಗ ಮೊದಲು. ರಜೆಗೆ ಬಂದಾಗ ದಾವಣಗೆರೆ ಬಸ್ ನಿಲ್ದಾಣದಲ್ಲಿ ಬೋರ್ಡು ನೋಡಿ "ಚಿತ್ರದುಗರ" ಅಂದಳು. ತ್ರ ಸರಿ ಬಂತು, ಕೊನೆಯದು ತಪ್ಪಿತು. ಎಡದಿಂದ ಬಲಕ್ಕೆ ಒಂದೊಂದೇ ಸದ್ದು ಅಂತ ಕಲಿತ ಮಗು ಇನ್ನು ಹೇಗೆ ಓದೀತು?

ಅಕ್ಕ ತಿದ್ದಲಿಲ್ಲ. ಅಂಗೈ ಮೇಲೆ ಬೆರಳಲ್ಲಿ ಬರೆದು, "ಈ ಗುರುತು ಕಂಡ್ರೆ ಒಂದು ಹೆಜ್ಜೆ ಹಿಂದೆ ಹೋಗು ಪುಟ್ಟಿ, ಮೊದಲು ರ್ ಅನ್ನು" ಅಂದಳು. ಹರಿಹರದ ಬಸ್ಸು ಬರುವಷ್ಟರಲ್ಲಿ ಅವಳು ಸೂರ್ಯ, ದುರ್ಗ, ಮಾರ್ಗ ಮೂರನ್ನೂ ಓದಿದ್ದಳು.